ಹಳೇ ಬುಲೆಟ್ ಸ್ಟಾರ್ಟ್ ಆಗುತ್ತಿಲ್ಲವೇ? ಕಿಕ್ ಹೊಡೆಯುವ ಮೊದಲು ಆಂಪ್ ಮೀಟರ್ ನೋಡಿ

ಇದು ಕಾಸ್ಟ್ ಐರನ್ ಎಂಜಿನ್ನಿನ ಬುಲೆಟ್ 350ಕ್ಕೆ ಬರೆದದ್ದು. ಮದ್ರಾಸಿನಲ್ಲಿ 1955ರಿಂದ ತಯಾರಾಗುತ್ತ ಬಂದ ಗಾಡಿ: 346 ಸಿಸಿ, ಬಲಗಾಲಿಗೆ ಗೇರು, ನಾಲ್ಕು ಗೇರಿನ ಆಲ್ಬಿಯನ್ ಗೇರ್‌ಬಾಕ್ಸ್, ಪಾಯಿಂಟು-ಕಂಡೆನ್ಸರ್ ಇಗ್ನಿಶನ್ (ಪಾಯಿಂಟ್ ಎಂದರೆ ಕಾಯಿಲಿನ ಕರೆಂಟ್ ಕತ್ತರಿಸುವ ಚಿಕ್ಕ ಸ್ವಿಚ್, ಕಂಡೆನ್ಸರ್ ಎಂದರೆ ಆ ಸ್ವಿಚ್ಚಿನಲ್ಲಿ ಏಳುವ ಕಿಡಿ ತಗ್ಗಿಸುವ ಭಾಗ), ಎಡಗೈ ಹತ್ತಿರ ಸಿಲಿಂಡರಿನ ಒತ್ತಡ ಬಿಡಿಸುವ ಡಿಕಂಪ್ರೆಸರ್ ಲಿವರ್. ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಕಿಟ್ ಹಾಕಿಸಿದ್ದರೆ ಪಾಯಿಂಟಿನ ಭಾಗ ಬಿಟ್ಟು ಉಳಿದದ್ದು ನಿಮಗೂ ಹೊಂದುತ್ತದೆ.

ಸರಿಯಾಗಿರುವ ಬುಲೆಟ್ ಒಂದೆರಡು ಕಿಕ್ಕಿಗೆ ಏಳಬೇಕು. ಹತ್ತು ಕಿಕ್ಕಿಗೆ ಏಳದ ಗಾಡಿ ಐವತ್ತಕ್ಕೂ ಏಳುವುದಿಲ್ಲ. ಪ್ಲಗ್ ಒದ್ದೆಯಾಗುತ್ತದೆ, ಬ್ಯಾಟರಿ ಇಳಿಯುತ್ತದೆ, ಮೊಣಕಾಲು ಹೋಗುತ್ತದೆ. ಆಮೇಲೆ ಹೊಡೆಯುವವನು ಸೋತು ಪ್ಲಗ್, ಕಾಯಿಲ್, ಕಾರ್ಬುರೇಟರ್ ಮೂರನ್ನೂ ಒಟ್ಟಿಗೆ ಬದಲಿಸಿ, ಯಾವುದು ಕೆಟ್ಟಿತ್ತು ಎಂಬುದನ್ನೇ ಕಳೆದುಕೊಳ್ಳುತ್ತಾನೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ.

ಕಿಕ್ ಹೊಡೆಯುವ ಕ್ರಮವೇ ತಪ್ಪಿರಬಹುದು

ಗೇರ್‌ಬಾಕ್ಸಿನ ಮೇಲಿರುವ ನ್ಯೂಟ್ರಲ್ ಫೈಂಡರ್ ಒತ್ತಿ ಗಾಡಿ ನ್ಯೂಟ್ರಲ್‌ಗೆ ತನ್ನಿ. ಕೀ ಆಫ್ ಇರುವಾಗಲೇ ಕ್ಲಚ್ ಹಿಡಿದು ಎರಡು ಮೂರು ಸಲ ಕಿಕ್ ಒತ್ತಿ. ಅಂಟಿಕೊಂಡ ಕ್ಲಚ್ ಪ್ಲೇಟ್‌ಗಳು ಬಿಡುತ್ತವೆ. ಕೀ ಆನ್ ಮಾಡಿ ಕಿಕ್ಕನ್ನು ನಿಧಾನವಾಗಿ ಒತ್ತಿದರೆ ಒಂದು ಕಡೆ ಗಟ್ಟಿಯಾಗಿ ನಿಲ್ಲುತ್ತದೆ. ಅಲ್ಲಿ ಡಿಕಂಪ್ರೆಸರ್ ಹಿಡಿದು ಇನ್ನು ಸ್ವಲ್ಪವೇ ಒತ್ತಿ. ಆಂಪ್ ಮೀಟರ್ (ಹೆಡ್‌ಲೈಟ್ ಮೇಲಿನ ಕರೆಂಟ್ ಮೀಟರ್) ಮುಳ್ಳು ಮೈನಸ್ಸಿನಿಂದ ನಡುವಿಗೆ ಬಂದ ತಕ್ಷಣ ನಿಲ್ಲಿಸಿ, ಡಿಕಂಪ್ರೆಸರ್ ಬಿಟ್ಟು, ಕಿಕ್ಕರ್ ಪೂರ್ತಿ ಮೇಲೆ ಬರಲು ಬಿಡಿ. ಈಗ ಒಂದೇ ಉದ್ದ ಕಿಕ್, ಕೊನೇತನಕ. ಆ್ಯಕ್ಸಿಲರೇಟರ್ ಬಹುತೇಕ ಮುಚ್ಚಿರಲಿ. ಪಿಸ್ಟನ್ ಮೇಲ್ತುದಿ ದಾಟಿ ನಿಂತಿರುವುದರಿಂದ ಮುಂದಿನ ಕಂಪ್ರೆಶನ್ ಬರುವ ಹೊತ್ತಿಗೆ ಫ್ಲೈವೀಲ್ ವೇಗ ಹಿಡಿದಿರುತ್ತದೆ. ಇದೇ ಇದರ ಗುಟ್ಟು. ಬಲದ ಮಾತು ಆಮೇಲೆ. ಕಂಪ್ರೆಶನ್ನಿನ ಎದುರಿಗೇ ಹಾರಿ ಹೊಡೆಯುವವರಿಗೆ ಗಾಡಿ ಕಾಲಿಗೇ ತಿರುಗಿ ಹೊಡೆಯುತ್ತದೆ.

ಮುಳ್ಳು ಏನು ಹೇಳುತ್ತದೆ

ಹೆಡ್‌ಲೈಟ್ ಕವಚದ ಮೇಲಿರುವ ಆ ಚಿಕ್ಕ ಮೀಟರ್‌ನಷ್ಟು ಅಗ್ಗದ ಟೆಸ್ಟರ್ ಬೇರೆ ಇಲ್ಲ. ಲೈಟುಗಳೆಲ್ಲ ಆಫ್ ಇರಲಿ, ಬ್ರೇಕ್ ಒತ್ತಬೇಡಿ. ಕೀ ಆನ್ ಮಾಡಿ, ಡಿಕಂಪ್ರೆಸರ್ ಹಿಡಿದುಕೊಂಡು ಕಿಕ್ಕನ್ನು ಮೆಲ್ಲಗೆ ಮತ್ತೆ ಮತ್ತೆ ಒತ್ತುತ್ತ ಮುಳ್ಳನ್ನೇ ನೋಡಿ. ಪಾಯಿಂಟ್ ಮುಚ್ಚಿದಾಗ ಕಾಯಿಲ್‌ಗೆ ಕರೆಂಟ್ ಹರಿದು ಮುಳ್ಳು ಮೈನಸ್ ಕಡೆಗೆ ಸುಮಾರು 3-4 ಆಂಪ್ ವಾಲಬೇಕು. ತೆರೆದಾಗ ಸೊನ್ನೆಗೆ ಮರಳಬೇಕು.

ಹೀಗೆ ಆಡುತ್ತಿದ್ದರೆ ಬ್ಯಾಟರಿ, ಕೀ ಸ್ವಿಚ್, ಕಾಯಿಲಿನ ಪ್ರೈಮರಿ (ಬ್ಯಾಟರಿ ಕಡೆಯ ಸುತ್ತು), ಪಾಯಿಂಟ್ ಇಷ್ಟರಲ್ಲೂ ಕರೆಂಟ್ ಓಡುತ್ತಿದೆ ಎಂದರ್ಥ. ಸ್ಪಾರ್ಕ್ ಪರೀಕ್ಷೆಗೆ ಹೋಗಿ.

ಮುಳ್ಳು ಕದಲದೇ ಇದ್ದರೆ ಹಾರ್ನ್ ಒತ್ತಿ. ಹಾರ್ನೂ ಸತ್ತಿದ್ದರೆ ಫ್ಯೂಸ್, ಬ್ಯಾಟರಿ ಟರ್ಮಿನಲ್, ಕೀ ಸ್ವಿಚ್ ನೋಡಿ. ಹಾರ್ನ್ ಗಟ್ಟಿಯಾಗಿ ಕೂಗಿದರೆ ತೊಂದರೆ ಸ್ವಿಚ್ಚಿನಿಂದ ಕಾಯಿಲ್, ಕಾಯಿಲ್‌ನಿಂದ ಪಾಯಿಂಟ್ ನಡುವಿನ ದಾರಿಯಲ್ಲಿದೆ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಸಾಮಾನ್ಯವಾಗಿ ಪಾಯಿಂಟ್ ಮುಖದ ಮೇಲೆ ಕಿಲುಬು ಕಟ್ಟಿರುತ್ತದೆ, ಅಷ್ಟೇ.

ಮುಳ್ಳು ಮೈನಸ್ಸಿನಲ್ಲೇ ಕೂತು ನಡುವಿಗೆ ಬರದಿದ್ದರೆ ಪಾಯಿಂಟ್ ತೆರೆಯುತ್ತಿಲ್ಲ, ಇಲ್ಲವೇ ಪಾಯಿಂಟ್ ವೈರ್ ಬಾಡಿಗೆ ತಾಗುತ್ತಿದೆ, ಇಲ್ಲವೇ ಕಂಡೆನ್ಸರ್ ಶಾರ್ಟ್. ಕಂಡೆನ್ಸರ್ ವೈರ್ ಬಿಚ್ಚಿ ಮತ್ತೆ ನೋಡಿದರೆ ಕೊನೆಯದು ತೀರ್ಮಾನವಾಗುತ್ತದೆ. ಮುಳ್ಳು ಒಂದೇ ಏಟಿಗೆ ತುದಿಗೆ ಬಡಿದರೆ ಕೂಡಲೇ ಕೀ ತೆಗೆಯಿರಿ. ಎಲ್ಲೋ ನೇರ ಶಾರ್ಟ್ ಇದೆ, ವೈರಿಂಗ್ ಸುಡುತ್ತದೆ.

ಪರೀಕ್ಷೆ ಮುಗಿದ ಮೇಲೆ ಕೀ ಆನ್ ಬಿಟ್ಟು ಟೀ ಕುಡಿಯಲು ಹೋಗಬೇಡಿ. ಪಾಯಿಂಟ್ ಮುಚ್ಚಿ ನಿಂತಿದ್ದರೆ ಕಾಯಿಲ್ ಬಿಸಿಯಾಗುತ್ತಲೇ ಇರುತ್ತದೆ, ಬ್ಯಾಟರಿ ಖಾಲಿಯಾಗುತ್ತಲೇ ಇರುತ್ತದೆ.

ಬ್ಯಾಟರಿಯ ಲೆಕ್ಕ ಸರಳ. 12 ವೋಲ್ಟಿನದ್ದು ಪೂರ್ತಿ ಚಾರ್ಜ್ ಆದಾಗ 12.6ರ ಆಸುಪಾಸು ತೋರಿಸಬೇಕು, 12ಕ್ಕಿಂತ ಕೆಳಗಿದ್ದರೆ ಚಾರ್ಜಿಗೆ ಹಾಕಿ. ಹಳೆಯ 6 ವೋಲ್ಟಿನದ್ದಕ್ಕೆ 6.3, ಮತ್ತು 6. ಈ ಗಾಡಿಯಲ್ಲಿ ಸ್ಪಾರ್ಕ್ ಹುಟ್ಟುವುದು ಬ್ಯಾಟರಿಯಿಂದ. ತಳ್ಳಿ ಸ್ಟಾರ್ಟ್ ಮಾಡಿದರೂ ಸತ್ತ ಬ್ಯಾಟರಿ ಕೈಕೊಡುತ್ತದೆ. ಅರ್ಥ್ ವೈರ್ ಬಿಚ್ಚಿ, ಅದು ಕೂರುವ ಜಾಗದ ಪೇಂಟ್ ಕೆರೆದು, ಮತ್ತೆ ಬಿಗಿ ಮಾಡಿ.

ಪಾಯಿಂಟು, ಕಂಡೆನ್ಸರ್, ಸ್ಪಾರ್ಕು

ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ಪಾಯಿಂಟಿನ ಎರಡೂ ಮುಖ ನೋಡಿ. ಬೂದು ಬಣ್ಣದ ಸಮ ಮುಖ ಇದ್ದರೆ ಆರೋಗ್ಯ. ಒಂದು ಕಡೆ ಗುಳಿ, ಇನ್ನೊಂದು ಕಡೆ ಗುಬುಟು ಎದ್ದಿದ್ದರೆ ಕಂಡೆನ್ಸರ್ ಮೇಲೆ ಅನುಮಾನ ಇಡಿ. 400 ನಂಬರಿನ ಎಮರಿ ಪೇಪರ್ ಎರಡು ಮುಖದ ನಡುವೆ ಇಟ್ಟು ನಾಲ್ಕೈದು ಸಲ ಎಳೆದು, ಆಮೇಲೆ ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯ ಪಟ್ಟಿಯಿಂದ ಒರೆಸಿ. ಈ ಒರೆಸುವ ಕೆಲಸ ಬಿಟ್ಟರೆ ಎಮರಿ ಪುಡಿ ನಡುವೆ ಕೂತು ಕರೆಂಟ್ ತಡೆಯುತ್ತದೆ. "ಈಗಷ್ಟೇ ಕ್ಲೀನ್ ಮಾಡಿದೆ, ಆದರೂ ಇಲ್ಲ" ಎಂಬ ದೂರಿನ ಮೂಲ ಸಾಮಾನ್ಯವಾಗಿ ಇದೇ.

ಎಂಜಿನ್ ತಿರುಗಿಸಿ ಪಾಯಿಂಟ್ ಅತಿ ಹೆಚ್ಚು ತೆರೆದುಕೊಳ್ಳುವ ಜಾಗಕ್ಕೆ ತಂದು ಗ್ಯಾಪ್ ಅಳೆಯಿರಿ: 0.35ರಿಂದ 0.40 ಮಿ.ಮೀ. ಫೀಲರ್ ಗೇಜ್ ಸ್ವಲ್ಪ ಹಿಡಿದಂತೆ ಜಾರಬೇಕು. ಕ್ಯಾಮ್ ಮೇಲೆ ಉಜ್ಜುವ ಹಿಮ್ಮಡಿ ಸವೆದ ಹಾಗೆ ಗ್ಯಾಪ್ ಕಡಿಮೆಯಾಗುತ್ತದೆ, ಪಾಯಿಂಟ್ ತಡವಾಗಿ ತೆರೆಯುತ್ತದೆ, ಟೈಮಿಂಗ್ (ಕಿಡಿ ಹಾರುವ ಕ್ಷಣ) ಹಿಂದೆ ಬೀಳುತ್ತದೆ. ಹಾಗಾಗಿ ಗ್ಯಾಪ್ ಸರಿಮಾಡದೆ ಟೈಮಿಂಗ್ ಮುಟ್ಟಬಾರದು. ಕ್ಯಾಮ್ ಮೇಲೆ ಅಕ್ಕಿಕಾಳಿನಷ್ಟು ಗ್ರೀಸ್ ಸಾಕು. ಹೆಚ್ಚಾದದ್ದು ಸಿಡಿದು ಪಾಯಿಂಟ್ ಮೇಲೇ ಕೂರುತ್ತದೆ.

ಕಂಡೆನ್ಸರ್ ಕೆಟ್ಟರೆ ಕತ್ತಲಲ್ಲಿ ಸುಲಭವಾಗಿ ಗೊತ್ತಾಗುತ್ತದೆ. ಇನ್ನೊಬ್ಬರು ಕಿಕ್ ಹೊಡೆಯುವಾಗ ಪಾಯಿಂಟ್ ನೋಡಿ. ಕಂಡೂ ಕಾಣದಂಥ ಸಣ್ಣ ನೀಲಿ ಕಿಡಿ ಸಹಜ, ಚಟಚಟ ದೊಡ್ಡ ಕಿಡಿ ಬಂದರೆ ಕಂಡೆನ್ಸರ್ ಮುಗಿದಿದೆ. ಕೆಪಾಸಿಟಿ ಅಳೆಯುವ ಮಲ್ಟಿಮೀಟರ್ ಇದ್ದರೆ ಸುಮಾರು 0.2 ಮೈಕ್ರೋಫ್ಯಾರಡ್ ತೋರಿಸಬೇಕು. ತಣ್ಣಗಿದ್ದಾಗ ಒಳ್ಳೆಯ ಅಂಕಿ ಕೊಟ್ಟು ಬಿಸಿಯಾದಾಗ ಕೈಕೊಡುವ ಕಂಡೆನ್ಸರ್‌ಗಳೂ ಇವೆ. ಗಾಡಿ ಬೆಳಿಗ್ಗೆ ಚೆನ್ನಾಗಿ ಎದ್ದು, ಅರ್ಧ ಗಂಟೆ ಓಡಿ ನಿಂತ ಮೇಲೆ ಏಳದಿದ್ದರೆ ಮೊದಲು ಇದನ್ನೇ ಬದಲಿಸಿ ನೋಡಿ. ಕಾಯಿಲ್‌ಗಿಂತ ತುಂಬಾ ಅಗ್ಗ.

ಸ್ಪಾರ್ಕ್ ನೋಡಲು ಪ್ಲಗ್ ಬಿಚ್ಚಿ ಕ್ಯಾಪಿಗೆ ಸಿಕ್ಕಿಸಿ, ಲೋಹದ ಭಾಗ ಹೆಡ್ಡಿನ ಫಿನ್ನಿಗೆ ಗಟ್ಟಿಯಾಗಿ ತಾಗಿಸಿಡಿ. ಪ್ಲಗ್ ತೂತಿನಿಂದ ದೂರವಿರಲಿ. ಅಲ್ಲಿಂದ ಪೆಟ್ರೋಲ್ ಆವಿ ಬರುತ್ತಿರುತ್ತದೆ. ಪ್ಲಗ್ ಗ್ಯಾಪ್ 0.45ರಿಂದ 0.50 ಮಿ.ಮೀ. ಕಿಕ್ ಹೊಡೆದಾಗ ದಪ್ಪ ನೀಲಿ ಕಿಡಿ ಟಪ್ ಎಂದು ಕೇಳಿಸಬೇಕು. ಕೆಂಪು-ಹಳದಿ ತೆಳು ಕಿಡಿ ಗಾಳಿಯಲ್ಲಿ ಕಂಡರೂ ಸಿಲಿಂಡರಿನ ಒತ್ತಡದಲ್ಲಿ ಹಾರುವುದಿಲ್ಲ. ಆಗ ಹೊಸ ಪ್ಲಗ್ ಹಾಕಿ ನೋಡಿ. ಆಮೇಲೆ ಕ್ಯಾಪ್ ತಿರುಗಿಸಿ ತೆಗೆದು, ವೈರಿನ ತುದಿಯನ್ನು ಇನ್ಸುಲೇಟೆಡ್ ಪ್ಲೈಯರ್‌ನಲ್ಲಿ ಹಿಡಿದು ಫಿನ್ನಿನಿಂದ 5 ಮಿ.ಮೀ. ದೂರದಲ್ಲಿಟ್ಟು ಪರೀಕ್ಷಿಸಿ. ಈಗ ಕಿಡಿ ಬಲವಾಗಿ ಬಂದರೆ ಕ್ಯಾಪ್ ಕೆಟ್ಟದ್ದು. ಬರದಿದ್ದರೆ ಕಂಡೆನ್ಸರ್, ಅದೂ ಸರಿಯಿದ್ದರೆ ಕಾಯಿಲ್. 12 ವೋಲ್ಟ್ ಕಾಯಿಲಿನ ಪ್ರೈಮರಿ 3-4 ಓಮ್ ಸುತ್ತಮುತ್ತ ಇರುತ್ತದೆ.

ಕಿಕ್ ತಿರುಗಿ ಹೊಡೆದರೆ

ಟೈಮಿಂಗ್ ಮುಂದೆ ಹೋಗಿದೆ, ಅಥವಾ ವೇಗ ಹೆಚ್ಚಿದಂತೆ ಕಿಡಿಯನ್ನು ಬೇಗ ಹಾರಿಸುವ ಆಟೋ ಅಡ್ವಾನ್ಸ್ ತೂಕಗಳು ತುಕ್ಕು ಹಿಡಿದು ತೆರೆದೇ ನಿಂತಿವೆ. ಎರಡನೆಯದನ್ನು ಮೊದಲು ನೋಡಿ. ಕ್ಯಾಮ್ ಅನ್ನು ಬೆರಳಲ್ಲಿ ತಿರುಗಿಸಿ ಬಿಟ್ಟರೆ ಸ್ಪ್ರಿಂಗ್ ಎಳೆತಕ್ಕೆ ತಾನೇ ಹಿಂದೆ ಬರಬೇಕು. ಬರದಿದ್ದರೆ ಬಿಚ್ಚಿ ತೊಳೆದು ಒಂದು ತೊಟ್ಟು ಎಣ್ಣೆ ಬಿಡಿ.

350ರ ಟೈಮಿಂಗ್ ಪೂರ್ತಿ ರಿಟಾರ್ಡ್ (ಕಿಡಿ ಅತಿ ತಡವಾಗುವ) ಸ್ಥಿತಿಯಲ್ಲಿ ಪಿಸ್ಟನ್ ಮೇಲ್ತುದಿಗೆ ಬರುವ 0.8 ಮಿ.ಮೀ. ಮೊದಲು. ಪ್ಲಗ್ ತೆಗೆದು ನಾಲ್ಕನೇ ಗೇರಿಗೆ ಹಾಕಿ, ಗಾಡಿಯನ್ನು ಅಲುಗಿಸುತ್ತ ಕಂಪ್ರೆಶನ್ ಸ್ಟ್ರೋಕಿನ ಮೇಲ್ತುದಿ ಹುಡುಕಿ. ಅಲ್ಲಿ ಎರಡೂ ಪುಶ್‌ರಾಡ್ (ವಾಲ್ವ್ ತೆರೆಯುವ ಕಡ್ಡಿಗಳು) ಸಡಿಲವಾಗಿರುತ್ತವೆ. ಒಂದಿಷ್ಟು ಹೆಚ್ಚಾಗಿಯೇ ಹಿಂದಕ್ಕೆ ತಂದು, ಮತ್ತೆ ಮುಂದಕ್ಕೆ ತಳ್ಳುತ್ತ 0.8ರಲ್ಲಿ ನಿಲ್ಲಿಸಿ, ಇಲ್ಲದಿದ್ದರೆ ಗೇರ್ ಹಲ್ಲುಗಳ ಆಟ ಅಳತೆಯಲ್ಲಿ ಸೇರಿಕೊಳ್ಳುತ್ತದೆ. ಡಿಸ್ಟ್ರಿಬ್ಯೂಟರ್ ಕ್ಲ್ಯಾಂಪ್ ಸಡಿಲಿಸಿ, ಮುಳ್ಳು ಮೈನಸ್ಸಿನಿಂದ ಸೊನ್ನೆಗೆ ಹಾರುವ ಕ್ಷಣಕ್ಕೆ ತಿರುಗಿಸಿ ಬಿಗಿ ಮಾಡಿ.

ಸ್ಪಾರ್ಕ್ ಇದೆ, ಆದರೂ ಇಲ್ಲ

ಬಿಚ್ಚಿದ ಪ್ಲಗ್ಗನ್ನೇ ನೋಡಿ. ಹಲವು ಕಿಕ್ ಆದ ಮೇಲೂ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಕಾರ್ಬುರೇಟರಿನ ಕಡೆ ಪೈಪ್ ಕಳಚಿ ಟ್ಯಾಪ್ ತೆರೆಯಿರಿ, ಧಾರೆ ಬಿಡದೆ ಹರಿಯಬೇಕು. ಟ್ಯಾಂಕ್ ಮುಚ್ಚಳ ತೆಗೆದಾಗ ಮಾತ್ರ ಚೆನ್ನಾಗಿ ಹರಿದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ. ಪೈಪಿನಲ್ಲಿ ಪೆಟ್ರೋಲ್ ಇದ್ದೂ ಪ್ಲಗ್ ಒಣಗಿದ್ದರೆ ಫ್ಲೋಟ್ ನೀಡಲ್ ಅಂಟಿರಬಹುದು, ಪೈಲಟ್ ಜೆಟ್ ಕಟ್ಟಿರಬಹುದು. ಚೋಕ್ ಎಳೆದರೆ ಮಾತ್ರ ಎದ್ದು, ಚೋಕ್ ಬಿಟ್ಟ ತಕ್ಷಣ ಸಾಯುವ ಗಾಡಿಯಲ್ಲಿ ಪೈಲಟ್ ಜೆಟ್ ಕಟ್ಟಿರುವುದೇ ಹೆಚ್ಚು. ಅದನ್ನು ಪಿನ್ನಿನಿಂದ ಚುಚ್ಚಬೇಡಿ, ತೂತು ದೊಡ್ಡದಾದರೆ ಮತ್ತೆ ಸರಿಹೋಗದು. ಕಾರ್ಬುರೇಟರ್ ಕ್ಲೀನರ್ ಮತ್ತು ಗಾಳಿ ಸಾಕು. ಈಗ ಬಂಕಿನಲ್ಲಿ ಸಿಗುವ ಎಥನಾಲ್ ಬೆರೆತ ಪೆಟ್ರೋಲ್ ನೀರು ಹೀರುತ್ತದೆ. ತಿಂಗಳಿಗೂ ಹೆಚ್ಚು ಗಾಡಿ ನಿಲ್ಲಿಸುವುದಿದ್ದರೆ ಟ್ಯಾಪ್ ಮುಚ್ಚಿ ಫ್ಲೋಟ್ ಬೌಲ್ ಖಾಲಿ ಮಾಡಿ.

ಪ್ಲಗ್ ಒದ್ದೆಯಾಗಿ ಪೆಟ್ರೋಲ್ ವಾಸನೆ ಬಂದರೆ ಫ್ಲಡ್ ಆಗಿದೆ. ಟ್ಯಾಪ್ ಮುಚ್ಚಿ, ಕೀ ತೆಗೆದು, ಆ್ಯಕ್ಸಿಲರೇಟರ್ ಪೂರ್ತಿ ತಿರುಗಿಸಿ, ಡಿಕಂಪ್ರೆಸರ್ ಹಿಡಿದು ಹತ್ತು ಸಲ ಕಿಕ್ ಒತ್ತಿ. ಒಣಗಿಸಿದ ಪ್ಲಗ್ ಹಾಕಿ ಚೋಕ್ ಇಲ್ಲದೆ ಹೊಡೆಯಿರಿ.

ಪೆಟ್ರೋಲ್, ಸ್ಪಾರ್ಕ್ ಎರಡೂ ಸರಿ, ಆದರೆ ಕಿಕ್ ಎಲ್ಲೂ ಗಟ್ಟಿಯಾಗದೆ ಹಗುರಾಗಿ ಇಳಿಯುತ್ತಿದೆಯೇ? ಹೆಡ್ ಬಿಚ್ಚುವ ಮಾತಾಡುವ ಮೊದಲು ಡಿಕಂಪ್ರೆಸರ್ ಕೇಬಲ್ ನೋಡಿ. ಕೇಬಲ್ ಬಿಗಿಯಾಗಿದ್ದರೆ ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಶನ್ ಸೋರುತ್ತದೆ. 2 ಮಿ.ಮೀ.ನಷ್ಟು ಸಡಿಲ ಇರಲಿ. ಆಮೇಲೆ ಟ್ಯಾಪೆಟ್, ಅಂದರೆ ವಾಲ್ವ್‌ನ ಸಡಿಲ. ಎಂಜಿನ್ ಪೂರ್ತಿ ತಣ್ಣಗಿರುವಾಗ, ಕಂಪ್ರೆಶನ್ ಮೇಲ್ತುದಿಯಲ್ಲಿ, ಪುಶ್‌ರಾಡ್ ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಆದರೆ ಮೇಲೆ ಕೆಳಗೆ ಆಡಬಾರದು. ತಿರುಗದಿದ್ದರೆ ವಾಲ್ವ್ ತೆರೆದೇ ಇರುತ್ತದೆ. ಇವೆರಡೂ ಸರಿಯಿದ್ದು ಕಂಪ್ರೆಶನ್ ಇಲ್ಲದಿದ್ದರೆ ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಒತ್ತಿ. ಬಿಗಿ ಬಂದರೆ ರಿಂಗ್, ಬರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್.

ಇದರ ತದ್ವಿರುದ್ಧವೂ ಇದೆ: ಬಹಳ ದಿನ ನಿಂತ ಗಾಡಿಯ ಕಿಕ್ ಭಾರವಾಗಿ, ಎದ್ದ ಮೇಲೆ ನೀಲಿ ಛಾಯೆಯ ಬಿಳಿ ಹೊಗೆ ಕಾರುವುದು. ಆಯಿಲ್ ಟ್ಯಾಂಕಿನಿಂದ ಕ್ರ್ಯಾಂಕ್‌ಕೇಸಿಗೆ ಸೋರಿ ತುಂಬಿರುತ್ತದೆ. ಆಯಿಲ್ ಲೆವೆಲ್ ಕಡಿಮೆ ತೋರಿಸಿತೆಂದು ಮೇಲಿನಿಂದ ಸುರಿಯಬೇಡಿ. ಮೊದಲು ಕ್ರ್ಯಾಂಕ್‌ಕೇಸ್ ಅಡಿಯ ಡ್ರೈನ್ ಪ್ಲಗ್ ತೆಗೆದು ಇಳಿಸಿ.

ಕಿಕ್ಕರ್ ಜಾರಿದರೆ

ಬುಲೆಟ್ಟಿನ ಕಿಕ್ ಗೇರ್‌ಬಾಕ್ಸ್, ಕ್ಲಚ್, ಪ್ರೈಮರಿ ಚೈನ್ ದಾಟಿ ಎಂಜಿನ್ನಿಗೆ ಮುಟ್ಟುತ್ತದೆ. ಹಾಗಾಗಿ ಜಾರುವುದು ಕ್ಲಚ್ಚೂ ಆಗಿರಬಹುದು, ಒಳಗಿನ ಕಿಕ್ ಪಾಲ್ (ಕಿಕ್ಕಿನ ಹಲ್ಲು ಕಚ್ಚುವ ಕೊಕ್ಕೆ) ಕೂಡ. ಗೇರ್‌ಬಾಕ್ಸ್ ಬಿಚ್ಚದೆ ಬೇರ್ಪಡಿಸುವ ದಾರಿ ಇದು: ಕೀ ತೆಗೆದು, ನಾಲ್ಕನೇ ಗೇರಿಗೆ ಹಾಕಿ, ಕ್ಲಚ್ ಬಿಟ್ಟು ಗಾಡಿ ತಳ್ಳಿ. ಚಕ್ರ ತಿರುಗುತ್ತಿದ್ದು ಎಂಜಿನ್ ಕಂಪ್ರೆಶನ್ನಿನಲ್ಲಿ ನಿಂತೇ ಇದ್ದರೆ ಕ್ಲಚ್ ಜಾರುತ್ತಿದೆ. ಎಂಜಿನ್ ತಿರುಗಿದರೆ ಕ್ಲಚ್ ಸರಿ, ದೋಷ ಕಿಕ್ ಪಾಲ್ ಅಥವಾ ಅದರ ಹಲ್ಲಿನದು.

ಕ್ಲಚ್ ಆದರೆ ಲಿವರಿನಲ್ಲಿ 2-3 ಮಿ.ಮೀ. ಸಡಿಲ ಇದೆಯೇ ನೋಡಿ. ಪ್ರೈಮರಿ ಕೇಸಿನಲ್ಲಿ ಆಯಿಲ್ ಲೆವೆಲ್ ಸ್ಕ್ರೂಗಿಂತ ಮೇಲಿದ್ದರೆ ಹರಿಯಬಿಡಿ. ಕಾರಿನ ಎಂಜಿನ್ ಆಯಿಲ್ ಸುರಿದಿದ್ದರೆ ಅದರ ಘರ್ಷಣೆ ತಗ್ಗಿಸುವ ಅಂಶಗಳೇ ಪ್ಲೇಟ್ ಜಾರಿಸುತ್ತವೆ. ಪ್ಲೇಟ್‌ಗಳನ್ನು ಪೆಟ್ರೋಲಿನಲ್ಲಿ ತೊಳೆದು ಸರಿಯಾದದ್ದನ್ನು ತುಂಬಿ. ಪಾಲ್ ಸವೆದಿದ್ದರೆ ಕಿಕ್ ಒತ್ತಿದಾಗ ಕಟಕ್ ಎಂದು ಬಿಟ್ಟು ಮತ್ತೆ ಹಿಡಿಯುತ್ತದೆ. ಪಾಲ್ ಬದಲಿಸುವಾಗ ಅದು ಕಚ್ಚುವ ಹಲ್ಲೂ ನೋಡಿ. ಸವೆದ ಹಲ್ಲಿನ ಮೇಲೆ ಹೊಸ ಪಾಲ್ ಹೆಚ್ಚು ದಿನ ಬಾಳುವುದಿಲ್ಲ. ಕಿಕ್ಕರ್ ಕೆಳಗೇ ನೇತಾಡಿದರೆ ರಿಟರ್ನ್ ಸ್ಪ್ರಿಂಗ್ ಮುರಿದಿದೆ, ಅಥವಾ ಶಾಫ್ಟ್ ಒಣಗಿ ಹಿಡಿದಿದೆ.