ಪಾದ ಅಳೆದು ಗಂಡೋ ಹೆಣ್ಣೋ ಹೇಳುವುದು

ನಾಲೆಯಲ್ಲಿ ದೇಹದ ತುಂಡು ಸಿಕ್ಕಿತೆಂದರೆ ಪೊಲೀಸರು ಮೊದಲು ಕೇಳುವುದೇ 'ಗಂಡಸೋ, ಹೆಂಗಸೋ?' ಅಂತ. ಅಷ್ಟು ಗೊತ್ತಾದರೆ ಕಾಣೆಯಾದವರ ಪಟ್ಟಿ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಡಿಎನ್‌ಎ ವರದಿ ನಿಧಾನ. ಪಾದವಷ್ಟೇ ಉಳಿದಿದ್ದರೆ ಅದನ್ನೇ ಅಳೆಯಬೇಕು. ಬೇರೆ ದೇಶದ ಸೂತ್ರ ನಮ್ಮವರ ಕಾಲಿಗೆ ಹೊಂದುವುದಿಲ್ಲವಾದ್ದರಿಂದ, ಮೈಸೂರಿನಲ್ಲಿ ಎಂಡಿ (ವೈದ್ಯಕೀಯ ಸ್ನಾತಕೋತ್ತರ ಪದವಿ) ಓದುವಾಗ ನಾನು ಸುತ್ತಮುತ್ತಲ ಜನರ ಪಾದವನ್ನೇ ಅಳೆದೆ.

ಹಿಮ್ಮಡಿಯ ತೀರಾ ಹಿಂದಿನ ಬಿಂದುವಿನಿಂದ ಎಲ್ಲಕ್ಕಿಂತ ಮುಂದೆ ಚಾಚಿದ ಬೆರಳಿನ ತುದಿವರೆಗೆ ಉದ್ದ. ಅದು ಹೆಬ್ಬೆರಳೇ ಆಗಿರಬೇಕಿಲ್ಲ. ಎಷ್ಟೋ ಜನಕ್ಕೆ ಪಕ್ಕದ ಬೆರಳೇ ಮುಂದು. (ಅಂಥ ಹೆಣ್ಣು ಗಂಡನನ್ನು ಆಳುತ್ತಾಳಂತೆ. ಅಳೆಸಿಕೊಳ್ಳಲು ಬಂದ ಹೆಂಗಸರೇ ಹೇಳಿ ನಗುತ್ತಿದ್ದರು.) ಹೆಬ್ಬೆರಳ ಬುಡದ ಉಬ್ಬಿನಿಂದ ಕಿರುಬೆರಳ ಬುಡದ ಉಬ್ಬಿಗೆ ಅಗಲ. ಸಂಜೆಗೆ ಪಾದ ಊದುವುದರಿಂದ ಬೆಳಗ್ಗೆಯೇ ಅಳೆಯುತ್ತಿದ್ದೆ, ಎರಡೂ ಕಾಲನ್ನು.

ಕಷ್ಟವಾಗಿದ್ದು ಹಿರಿಯರದು. 'ಅಯ್ಯೋ, ನೀವ್ ನನ್ ಕಾಲ್ ಮುಟ್ಟದಾ, ಬುಡಿ ಸ್ವಾಮಿ' ಎಂದು ಹಿಂದಕ್ಕೆಳೆದುಕೊಳ್ಳುವರು. ಸಂಕೋಚಕ್ಕೆ ಬೆರಳು ಮಡಚಿದರೆ ಉದ್ದ ಕಮ್ಮಿ ಬರುತ್ತದೆ. ಹಲಗೆ ಮೇಲೆ ನಿಲ್ಲಿಸಿ, ಎದುರಿನ ಗೋಡೆ ನೋಡಲು ಹೇಳಿ, ಮೈಭಾರ ಎರಡೂ ಕಾಲಿಗೆ ಸಮನಾಗಿ ಬಿದ್ದ ಮೇಲೆ ಕ್ಯಾಲಿಪರ್ ಎಂಬ ಅಳತೆ ಸಾಧನ ಹಿಡಿಯುತ್ತಿದ್ದೆ.

ಲೆಕ್ಕ ಸುಲಭ. ಗಂಡಸರ ಸರಾಸರಿ, ಹೆಂಗಸರ ಸರಾಸರಿ, ಎರಡರ ನಡುವೆ ಒಂದು ಗೆರೆ. ಮೇಲಿದ್ದರೆ ಗಂಡು, ಕೆಳಗಿದ್ದರೆ ಹೆಣ್ಣು. ಆದರೆ ಗೆರೆಯ ಆಚೀಚೆ ಕುಳ್ಳ ಗಂಡಸರೂ ಎತ್ತರದ ಹೆಂಗಸರೂ ಬೆರೆತೇ ಇರುತ್ತಾರೆ. ಅದರ ಮೇಲೆ ಮಂಡ್ಯ ಕಡೆ ಬರಿಗಾಲಲ್ಲಿ ನಾಟಿ ಹಾಕುವ ಹೆಂಗಸರ ಬೆರಳು ಹರಡಿ ಪಾದ ಅಗಲವಾಗಿರುತ್ತದೆ. ಅಗಲವೊಂದನ್ನೇ ನೆಚ್ಚಿದರೆ ಅವರನ್ನು ಗಂಡಸರ ಕಡೆ ತಳ್ಳಿಬಿಡುತ್ತೇವೆ. ನನಗೆ ಉದ್ದದ ಮೇಲೇ ಹೆಚ್ಚು ನಂಬಿಕೆ. ಅಗಲವನ್ನು ಉದ್ದದಿಂದ ಭಾಗಿಸಿ 100ರಿಂದ ಗುಣಿಸುವ ಪಾದ ಸೂಚ್ಯಂಕ ವಿದ್ಯಾರ್ಥಿಗಳಿಗೆ ಇಷ್ಟ, ಆದರೆ ಗಂಡು ಹೆಣ್ಣು ಇಬ್ಬರಲ್ಲೂ ಅದು ಹತ್ತಿರ ಹತ್ತಿರವೇ ಬರುವುದರಿಂದ ಈ ಕೆಲಸಕ್ಕೆ ಬಾರದು.

ಇನ್ನು ಶವಾಗಾರದ ಮೇಜಿನ ಮೇಲಿನ ಪಾದ ನಿಂತ ಪಾದವಲ್ಲ. ಭಾರವಿಲ್ಲ, ನೀರಲ್ಲಿ ಕೊಳೆತು ಉಬ್ಬಿರುತ್ತದೆ, ಚರ್ಮ ಕಾಲುಚೀಲದಂತೆ ಕಳಚಿ ಬರುತ್ತದೆ. ಹಾಗಾಗಿ ಒಳಗಿನ ಮೂಳೆ ನೋಡಲು ಎಕ್ಸ್‌ರೇ ತೆಗೆಸುತ್ತೇನೆ. ಮೂಳೆಯ ತುದಿ ಕೂಡಿಕೊಂಡಿರದಿದ್ದರೆ ಅದು ಬೆಳೆಯುತ್ತಿರುವ ಹುಡುಗನ ಪಾದವೂ ಇರಬಹುದು. ದೊಡ್ಡವರ ಸೂತ್ರ ಅದಕ್ಕೆ ಹಾಕುವಂತಿಲ್ಲ. ಕಾಲುಂಗುರದ ಗುರುತು ಕಂಡರೆ ಬೇರೆ ಸಾಲಿನಲ್ಲಿ ಬರೆಯುತ್ತೇನೆ, ಅಳತೆಯ ಜೊತೆ ಬೆರೆಸುವುದಿಲ್ಲ.

ಅಳತೆ ಗೆರೆಯ ಹತ್ತಿರ ಬಂದರೆ 'ಹೇಳಲಾಗದು' ಎಂದೇ ಬರೆಯುತ್ತೇನೆ. 'ಯಾವ್ದಾದ್ರೂ ಒಂದ್ ಬರ್ಕೊಡಿ ಸಾರ್' ಅನ್ನುತ್ತಾರೆ ಠಾಣೆಯವರು. ಕಾಣೆಯಾದ ಗಂಡಸರದು, ಹೆಂಗಸರದು ಎರಡೂ ಪಟ್ಟಿ ನೋಡ್ತಿರಿ ಎಂದು ಹೇಳಿ, ಡಿಎನ್‌ಎಗೆ ಮೂಳೆಯ ತುಂಡು ಕಟ್ಟಿಕೊಡುತ್ತೇನೆ.