ಬರಹದ ಕೆಲಸಕ್ಕೆ ಗಿರಾಕಿಗಳು ದೊರೆತ ಬಗೆ

ಹುಬ್ಬಳ್ಳಿಯಲ್ಲಿ ಸ್ವತಂತ್ರ ಬರಹಗಾರನಾದ ಮೊದಲ ಎಂಟು ತಿಂಗಳು, ಎಲ್ಲ ಬಗೆಯ ಬರವಣಿಗೆಯನ್ನೂ ಮಾಡಿಕೊಡುತ್ತೇನೆ ಎಂದು ಬೆಂಗಳೂರಿನ ಕಂಪನಿಗಳಿಗೆ ಇಮೇಲ್ ಕಳಿಸುತ್ತಲೇ ಇದ್ದೆ, ಉತ್ತರಗಳು ಬರಲಿಲ್ಲ. ದಾರಿ ತೋರಿದ್ದು ನಮ್ಮ ಅಡುಗೆಮನೆಯಲ್ಲಿದ್ದ ಬ್ಯಾಡಗಿ ಖಾರದ ಪುಡಿಯ ಪೊಟ್ಟಣ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲೇ, ಆ ಪ್ರದೇಶದ್ದೇ ವಿಶಿಷ್ಟ ಬೆಳೆ ಎಂದು ಗುರುತಿಸುವ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ದೊರೆತಿದ್ದರೂ, ಅದರ ಗಾಢ ಕೆಂಪು ಬಣ್ಣ, ಹದವಾದ ಖಾರ, ಡಬ್ಬಿ ಮತ್ತು ಕಡ್ಡಿ ಎಂಬ ಬಗೆಗಳು, ಇವು ಯಾವುವೂ ಆ ಪೊಟ್ಟಣದ ಮೇಲಿರಲಿಲ್ಲ. ‘ಉತ್ತಮ ಗುಣಮಟ್ಟ’ ಎಂಬ ಎರಡೇ ಪದಗಳಿದ್ದವು. ಆರು ಸಾಲು ಹೊಸದಾಗಿ ಬರೆದು, ಮುದ್ರಿಸಿಕೊಂಡು, ಬ್ಯಾಡಗಿಗೆ ಹೋಗಿ ಆ ಪುಡಿ ಮಾರುವ ವ್ಯಾಪಾರಸ್ಥರ ಕೈಗಿತ್ತೆ. ಎರಡು ಸಲ ಓದಿದ ಅವರು, “ಇದನ್ನ ಹಿಂದಿಯೊಳಗೂ ಬರೆದು ಕೊಡ್ತೀರೇನ್ರೀ?” ಎಂದು ಕೇಳಿ, ಅರ್ಧ ಹಣವನ್ನು ಮುಂಗಡವಾಗಿ ಕೊಟ್ಟರು. ಮುಂದಿನ ಮೂವರು ಗಿರಾಕಿಗಳು ಅವರ ಮಾತಿನಿಂದಲೇ ಬಂದರು. ಈಗ ಮಸಾಲೆ ಮತ್ತು ತಿನಿಸು ತಯಾರಕರಿಗಷ್ಟೇ ಬರೆಯುತ್ತೇನೆ.