ಒಂದೇ ನಗರದ ಎರಡು ವಿಮಾನ ನಿಲ್ದಾಣಗಳ ನಡುವೆ ವಿಮಾನ ಬದಲಿಸುವ ಬಗೆ

ಲಂಡನ್, ಟೋಕಿಯೊ, ನ್ಯೂಯಾರ್ಕ್, ಪ್ಯಾರಿಸ್, ಇಸ್ತಾಂಬುಲ್, ಬ್ಯಾಂಕಾಕ್, ಶಾಂಘೈ, ಸೋಲ್ ಮೊದಲಾದ ನಗರಗಳಲ್ಲಿ ಒಂದಕ್ಕಿಂತ ಹೆಚ್ಚು ವಿಮಾನ ನಿಲ್ದಾಣಗಳಿವೆ. ಟಿಕೆಟ್ ಹುಡುಕುವಾಗ ನಗರದ ಹೆಸರನ್ನಷ್ಟೇ ಕೊಟ್ಟರೆ ಆ ಎಲ್ಲ ನಿಲ್ದಾಣಗಳ ವಿಮಾನಗಳೂ ಒಟ್ಟಿಗೇ ಕಾಣಿಸುತ್ತವೆ. ಲಂಡನ್ನಿಗೆ ಎಲ್‌ಒಎನ್, ಟೋಕಿಯೊಗೆ ಟಿವೈಒ, ನ್ಯೂಯಾರ್ಕಿಗೆ ಎನ್‌ವೈಸಿ ಎಂಬ ನಗರ ಸಂಕೇತಗಳಿರುವುದೇ ಇದಕ್ಕಾಗಿ. ಹೀಗಾಗಿ ಮೊದಲ ವಿಮಾನ ಲಂಡನ್ನಿನ ಹೀಥ್ರೂವಿನಲ್ಲಿ ಇಳಿಯುತ್ತದೆ, ಮುಂದಿನದು ಅದೇ ನಗರದ ಗ್ಯಾಟ್ವಿಕ್‌ನಿಂದ ಹೊರಡುತ್ತದೆ ಎಂಬ ಸಂಗತಿ ಹಣ ಕಟ್ಟಿದ ಮೇಲಷ್ಟೇ ಗಮನಕ್ಕೆ ಬರುವುದುಂಟು. ಹಣ ಕಟ್ಟುವ ಮೊದಲೇ ಊರಿನ ಹೆಸರನ್ನು ಬಿಟ್ಟು ನಿಲ್ದಾಣದ ಮೂರಕ್ಷರದ ಸಂಕೇತವನ್ನು ಓದುವುದು ಮೊದಲ ಕೆಲಸ. ಇಳಿಯುವ ಕಡೆ ಎಲ್‌ಎಚ್‌ಆರ್ (ಹೀಥ್ರೂ), ಹೊರಡುವ ಕಡೆ ಎಲ್‌ಜಿಡಬ್ಲ್ಯೂ (ಗ್ಯಾಟ್ವಿಕ್) ಎಂದಿದ್ದರೆ ನಡುವೆ 60 ಕಿಲೋಮೀಟರಿಗೂ ಹೆಚ್ಚಿನ ರಸ್ತೆ ಇದೆ ಎಂದರ್ಥ.

ಈ ಬದಲಾವಣೆಯನ್ನು ಯೋಜಿಸುವಾಗ ಅದನ್ನು ಎರಡು ಬೇರೆ ಬೇರೆ ಪ್ರಯಾಣಗಳೆಂದೇ ತಿಳಿಯುವುದು ಸರಿ. ಮೊದಲ ನಿಲ್ದಾಣದಲ್ಲಿ ಇಳಿದು, ವಲಸೆ ತಪಾಸಣೆ ಮುಗಿಸಿ, ಲಗೇಜ್ ತೆಗೆದುಕೊಂಡು, ಕಸ್ಟಮ್ಸ್ ದಾಟಿ ಹೊರಬಂದಾಗ ಒಂದು ಪ್ರಯಾಣ ಮುಗಿಯುತ್ತದೆ. ಎರಡನೆಯ ನಿಲ್ದಾಣದಲ್ಲಿ ಚೆಕ್-ಇನ್ ಸಾಲಿನಿಂದ ಹಿಡಿದು ಭದ್ರತಾ ತಪಾಸಣೆಯವರೆಗೆ ಎಲ್ಲವೂ ಹೊಸದಾಗಿ ಶುರುವಾಗುತ್ತದೆ. ಒಂದೇ ನಿಲ್ದಾಣದೊಳಗೆ ವಿಮಾನ ಬದಲಿಸಿದ ಅನುಭವದ ಮೇಲೆ ಇಲ್ಲಿಯ ಸಮಯವನ್ನು ಅಂದಾಜು ಮಾಡಿದರೆ ಲೆಕ್ಕ ತಪ್ಪುವುದು ಖಚಿತ.

ಎಲ್ಲಕ್ಕಿಂತ ಮೊದಲು ವೀಸಾದ ಪ್ರಶ್ನೆಯನ್ನು ಇತ್ಯರ್ಥ ಮಾಡಿಕೊಳ್ಳಬೇಕು, ಏಕೆಂದರೆ ಅದು ಸರಿಯಿಲ್ಲದಿದ್ದರೆ ಉಳಿದ ಯಾವ ಸಿದ್ಧತೆಯೂ ಉಪಯೋಗಕ್ಕೆ ಬಾರದು. ನಿಲ್ದಾಣದಿಂದ ಹೊರಗೆ ಕಾಲಿಡುವವರು ಆ ದೇಶವನ್ನು ಪ್ರವೇಶಿಸಿದಂತೆಯೇ ಲೆಕ್ಕ. ಯುರೋಪಿನ ಷೆಂಗೆನ್ ದೇಶಗಳು, ಅಂದರೆ ಒಂದೇ ವೀಸಾ ವ್ಯವಸ್ಥೆಯ ದೇಶಗಳು, ಕೊಡುವ ಎ ವರ್ಗದ ಟ್ರಾನ್ಸಿಟ್ ವೀಸಾ ನಿಲ್ದಾಣದ ಅಂತರರಾಷ್ಟ್ರೀಯ ವಲಯದೊಳಗೆ ಇರುವುದಕ್ಕೆ ಮಾತ್ರ. ಪ್ಯಾರಿಸ್ಸಿನ ಷಾರ್ಲ್ ದ ಗೋಲ್‌ನಲ್ಲಿ ಇಳಿದು ಓರ್ಲಿಯಿಂದ ಹೊರಡುವವರಿಗೆ, ವೀಸಾ ಬೇಕಾದ ದೇಶದವರಾಗಿದ್ದರೆ, ಒಳಪ್ರವೇಶಕ್ಕೆ ಅವಕಾಶ ಕೊಡುವ ಸಿ ವರ್ಗದ ವೀಸಾ ಬೇಕಾಗುತ್ತದೆ. ಬ್ರಿಟನ್ನಿನಲ್ಲೂ ಟ್ರಾನ್ಸಿಟ್ ವೀಸಾ ಎರಡು ಬಗೆಯದು: ಒಂದು ಗಡಿ ತಪಾಸಣೆ ದಾಟದೆ ಒಳಗೇ ವಿಮಾನ ಬದಲಿಸುವವರಿಗೆ, ಇನ್ನೊಂದು ತಪಾಸಣೆ ದಾಟಿ ಹೊರಬಂದು 48 ಗಂಟೆಯೊಳಗೆ ದೇಶ ಬಿಡುವವರಿಗೆ. ಹೀಥ್ರೂವಿನಿಂದ ಗ್ಯಾಟ್ವಿಕ್‌ಗೆ ಹೋಗುವವರಿಗೆ ಬೇಕಾದದ್ದು ಎರಡನೆಯದು. ಅಮೆರಿಕದಲ್ಲಿ ಒಂದೇ ನಿಲ್ದಾಣದೊಳಗೆ ಬದಲಿಸುವವರೂ ವಲಸೆ ತಪಾಸಣೆಗೆ ಒಳಗಾಗಲೇಬೇಕಾದ್ದರಿಂದ ಅಲ್ಲಿ ಈ ಭೇದವೇ ಇಲ್ಲ. ವೀಸಾ ಬೇಡದ ದೇಶಗಳ ಪ್ರಜೆಗಳು ಕೂಡ ಅಮೆರಿಕದ ಎಸ್ಟಾ ಅಥವಾ ಬ್ರಿಟನ್ನಿನ ಇಟಿಎಯಂತಹ ಮುಂಗಡ ಅನುಮತಿ ತಮಗೆ ಬೇಕೇ ಎಂದು ನೋಡಿಕೊಳ್ಳಬೇಕು. ಹೋಗುವಾಗಲೂ ಬರುವಾಗಲೂ ಅದೇ ನಗರದಲ್ಲಿ ಬದಲಾವಣೆ ಇದ್ದರೆ ಒಂದೇ ಪ್ರವೇಶದ ವೀಸಾ ಸಾಲದು ಎಂಬುದು ಎಷ್ಟೋ ಜನರಿಗೆ ಮರುಪ್ರಯಾಣದ ಹೊತ್ತಿಗಷ್ಟೇ ಹೊಳೆಯುತ್ತದೆ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಎರಡು ವಿಮಾನಗಳಿಗೆ ಬೇರೆ ಬೇರೆ ಟಿಕೆಟ್ ಕೊಂಡಿದ್ದರೆ ಮೊದಲ ವಿಮಾನ ಸಂಸ್ಥೆಯ ದೃಷ್ಟಿಯಲ್ಲಿ ನಡುವಿನ ನಗರವೇ ನಿಮ್ಮ ಕೊನೆಯ ತಾಣ. ಹೊರಡುವ ಊರಿನ ಕೌಂಟರಿನಲ್ಲಿ ಸಿಬ್ಬಂದಿ ನಿಮ್ಮ ದಾಖಲೆಗಳನ್ನು ಟಿಮ್ಯಾಟಿಕ್ ಎಂಬ ವ್ಯವಸ್ಥೆಯಲ್ಲಿರುವ ನಿಯಮಗಳೊಂದಿಗೆ ಹೋಲಿಸಿ ನೋಡುತ್ತಾರೆ. ಆ ದೇಶದ ಪ್ರವೇಶಕ್ಕೆ ಬೇಕಾದ ಕಾಗದ ಇಲ್ಲವೆಂದು ಕಂಡರೆ ಅಲ್ಲಿಯೇ ತಡೆಯುತ್ತಾರೆ. ಮುಂದಿನ ಟಿಕೆಟಿನ ಮುದ್ರಿತ ಪ್ರತಿ ಕೈಯಲ್ಲಿದ್ದರೆ ಮಾತುಕತೆ ಸುಲಭವಾಗುತ್ತದೆ, ಆದರೆ ಅದು ವೀಸಾದ ಬದಲಿಗೆ ಸಲ್ಲುವುದಿಲ್ಲ.

ಒಂದೇ ಟಿಕೆಟ್ ಮತ್ತು ಬಿಡಿ ಟಿಕೆಟ್‌ಗಳ ನಡುವಿನ ವ್ಯತ್ಯಾಸ ವೀಸಾದಲ್ಲಿ ಮಾತ್ರವಲ್ಲ, ಹೊಣೆಯಲ್ಲೂ ಇದೆ. ಎರಡೂ ವಿಮಾನಗಳು ಒಂದೇ ಬುಕಿಂಗ್ ಸಂಖ್ಯೆಯಡಿ ಒಂದೇ ಟಿಕೆಟ್ ಆಗಿದ್ದರೆ, ವಿಮಾನ ಬದಲಿಸಲು ಆ ಜೋಡಣೆಗೆ ಗೊತ್ತುಪಡಿಸಿದ ಕನಿಷ್ಠ ಸಂಪರ್ಕ ಸಮಯಕ್ಕಿಂತ ಕಡಿಮೆ ಅಂತರವಿಟ್ಟು ಅದನ್ನು ಮಾರುವಂತಿಲ್ಲ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವಿಮಾನದಲ್ಲಿ ಜಾಗ ಕೊಡಿಸುವ ಹೊಣೆ ಸಂಸ್ಥೆಯದು. ಬಿಡಿ ಟಿಕೆಟ್‌ಗಳಲ್ಲಿ ಈ ಹೊಣೆ ಯಾರಿಗೂ ಇಲ್ಲ. ಕೆಲವು ಜಾಲತಾಣಗಳು ಬಿಡಿ ಟಿಕೆಟ್‌ಗಳನ್ನೇ ಜೋಡಿಸಿ ಒಂದೇ ಪ್ರಯಾಣದಂತೆ ತೋರಿಸುತ್ತವೆ. ಸಣ್ಣ ಅಕ್ಷರದಲ್ಲಿ ‘ಸೆಲ್ಫ್ ಟ್ರಾನ್ಸ್‌ಫರ್’ ಎಂದಿದ್ದರೆ ಅದರ ಅರ್ಥ ಇದೇ. ದರದಲ್ಲಿ ಹೇಳಿಕೊಳ್ಳುವಷ್ಟು ವ್ಯತ್ಯಾಸ ಇಲ್ಲದಿದ್ದರೆ ನಿಲ್ದಾಣ ಬದಲಿಸುವ ಪ್ರಯಾಣವನ್ನು ಬಿಡಿ ಟಿಕೆಟ್‌ಗಳಲ್ಲಿ ಮಾಡದಿರುವುದೇ ಲೇಸೆಂದು ನನ್ನ ಸ್ಪಷ್ಟ ಅಭಿಪ್ರಾಯ.

ಈಗ ಸಮಯದ ಲೆಕ್ಕ. ಹೆಚ್ಚಿನವರು ಇಳಿಯುವ ಹೊತ್ತಿನಿಂದ ಮುಂದಕ್ಕೆ ಎಣಿಸುತ್ತಾರೆ. ಎಣಿಸಬೇಕಾದದ್ದು ಎರಡನೆಯ ವಿಮಾನದ ಚೆಕ್-ಇನ್ ಕೌಂಟರ್ ಮುಚ್ಚುವ ಹೊತ್ತಿನಿಂದ ಹಿಂದಕ್ಕೆ. ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ. ಹೀಥ್ರೂವಿನಲ್ಲಿ ವಿಮಾನ ಮಧ್ಯಾಹ್ನ 13:00ಕ್ಕೆ ಇಳಿಯುತ್ತದೆ, ಗ್ಯಾಟ್ವಿಕ್‌ನಿಂದ ಮುಂದಿನದು 19:30ಕ್ಕೆ ಹೊರಡುತ್ತದೆ ಎಂದಿಟ್ಟುಕೊಳ್ಳಿ. ಆರೂವರೆ ಗಂಟೆ ಧಾರಾಳವೆಂದು ತೋರುತ್ತದೆ. ಅಂತರರಾಷ್ಟ್ರೀಯ ವಿಮಾನಗಳಿಗೆ ಲಗೇಜ್ ಸ್ವೀಕರಿಸುವುದನ್ನು ಸಾಮಾನ್ಯವಾಗಿ ಒಂದು ಗಂಟೆ ಮೊದಲು ನಿಲ್ಲಿಸುವುದರಿಂದ ನಿಜವಾದ ಗಡುವು 18:30. ಸಾಲು ಉದ್ದವಿರಬಹುದೆಂದು ಒಂದು ಗಂಟೆ ಬಿಟ್ಟುಕೊಂಡರೆ 17:30ಕ್ಕೆ ಗ್ಯಾಟ್ವಿಕ್‌ನ ಕೌಂಟರಿನ ಮುಂದೆ ಇರಬೇಕು. ನಗರವನ್ನು ಸುತ್ತುವರಿದ ಎಂ25 ಹೆದ್ದಾರಿಯಲ್ಲಿ ಬಸ್ಸಿಗೆ ಒಂದು ಗಂಟೆಗೂ ಮೀರಿ ಸಮಯ ಹಿಡಿಯುತ್ತದೆ, ದಟ್ಟಣೆಯಿದ್ದರೆ ಇನ್ನೂ ಹೆಚ್ಚು. ಆದ್ದರಿಂದ ಅದಕ್ಕೆ ಒಂದೂಮುಕ್ಕಾಲು ಗಂಟೆ, ಬಸ್ಸಿಗೆ ಕಾಯಲು ಅರ್ಧ ಗಂಟೆ ಇಟ್ಟುಕೊಂಡರೆ 15:15ಕ್ಕೆ ಹೀಥ್ರೂವಿನ ಬಸ್ ನಿಲುಗಡೆಯಲ್ಲಿ ನಿಂತಿರಬೇಕಾಯಿತು. ವಿಮಾನ ಗೇಟಿಗೆ ಬಂದು ನಿಲ್ಲುವುದು, ಜನ ಇಳಿಯುವುದು, ಪಾಸ್‌ಪೋರ್ಟ್ ತಪಾಸಣೆಯ ಸಾಲು, ಬೆಲ್ಟ್ ಬಳಿ ಲಗೇಜಿಗೆ ಕಾಯುವುದು, ಕಸ್ಟಮ್ಸ್, ನಡಿಗೆ ಇವಿಷ್ಟಕ್ಕೂ ಉಳಿಯುವುದು ಎರಡೂಕಾಲು ಗಂಟೆ. ಮೊದಲ ವಿಮಾನ ಒಂದು ಗಂಟೆ ತಡವಾದರೆ ಅದು ಒಂದೂಕಾಲು ಗಂಟೆಗೆ ಇಳಿಯುತ್ತದೆ, ಮತ್ತು ನಾಲ್ಕಾರು ದೊಡ್ಡ ವಿಮಾನಗಳು ಒಟ್ಟಿಗೆ ಇಳಿದ ಹೊತ್ತಿನಲ್ಲಿ ಅದು ಸಾಲುವುದು ಕಷ್ಟ. ಆರೂವರೆ ಗಂಟೆಯ ಅಂತರ ತಾಳಿಕೊಳ್ಳುವ ವಿಳಂಬ ಸುಮಾರು ಒಂದು ಗಂಟೆ ಮಾತ್ರ ಎಂಬುದು ಇದರಿಂದ ತಿಳಿಯುತ್ತದೆ. ಬಿಡಿ ಟಿಕೆಟ್‌ಗಳಲ್ಲಿ ಪ್ರಯಾಣಿಸುವವರು ಇದಕ್ಕಿಂತ ಕಡಿಮೆ ಅಂತರಕ್ಕೆ ಒಪ್ಪಬಾರದು. ಎರಡನೆಯದು ಆ ದಿನದ ಕೊನೆಯ ವಿಮಾನವಾಗಿದ್ದರೆ ಇಷ್ಟಕ್ಕೂ ಒಪ್ಪದಿರುವುದು ವಿವೇಕ.

ನಿಲ್ದಾಣದಿಂದ ನಿಲ್ದಾಣಕ್ಕೆ ಹೋಗುವ ದಾರಿ ಊರಿನಿಂದ ಊರಿಗೆ ಬೇರೆ. ಎಲ್ಲಕ್ಕಿಂತ ಸುಲಭ ಸೋಲ್: 2001ರಲ್ಲಿ ಇಂಚಿಯಾನ್ ತೆರೆದಾಗ ಗಿಂಪೊದ ಅಂತರರಾಷ್ಟ್ರೀಯ ಸಂಚಾರ ಬಹುಮಟ್ಟಿಗೆ ಅಲ್ಲಿಗೆ ಹೋಯಿತು, ದೇಶದೊಳಗಿನ ವಿಮಾನಗಳು ಗಿಂಪೊದಲ್ಲೇ ಉಳಿದವು, ವಿದೇಶದಿಂದ ಬಂದು ಜೆಜು ದ್ವೀಪಕ್ಕೆ ಹೋಗುವವರು ಇಂಚಿಯಾನ್‌ನಿಂದ ಏರ್‌ಪೋರ್ಟ್ ರೈಲಿನಲ್ಲಿ ಸುಮಾರು 40 ನಿಮಿಷಗಳಲ್ಲಿ ಗಿಂಪೊ ತಲುಪಬಹುದು. ಟೋಕಿಯೊದ ಚರಿತ್ರೆಯೂ ಇಂಥದ್ದೇ. 1978ರಲ್ಲಿ ನರಿಟಾ ತೆರೆದ ಮೇಲೆ ವಿದೇಶಿ ಹಾರಾಟ ಅಲ್ಲಿಗೆ ಹೋಗಿ ಹನೇಡ ಮುಖ್ಯವಾಗಿ ದೇಶೀಯ ವಿಮಾನಗಳದ್ದಾಯಿತು, 2010ರಲ್ಲಿ ಹೊಸ ಅಂತರರಾಷ್ಟ್ರೀಯ ಟರ್ಮಿನಲ್ ಬಂದ ಮೇಲೆ ವಿದೇಶಿ ವಿಮಾನಗಳು ಹನೇಡಕ್ಕೂ ಹೆಚ್ಚಾಗಿ ಬರತೊಡಗಿದವು. ಆದರೆ ಇವೆರಡರ ನಡುವಿನ ದೂರ 70 ಕಿಲೋಮೀಟರಿಗೂ ಹೆಚ್ಚು. ಲಿಮೋಸಿನ್ ಬಸ್ ಇದೆ, ಕೇಸೆ ಮತ್ತು ಕೇಕ್ಯೂ ಕಂಪನಿಗಳ ಹಳಿಗಳ ಮೇಲೆ ಸಾಗುವ ನೇರ ರೈಲೂ ಇದೆ, ಆದರೆ ನೇರ ರೈಲು ಎಲ್ಲ ಹೊತ್ತಿನಲ್ಲೂ ಸಿಗುವುದಿಲ್ಲ. ದೊಡ್ಡ ಸೂಟ್‌ಕೇಸ್‌ಗಳಿದ್ದರೆ ಇಲ್ಲಿ ಬಸ್ಸನ್ನೇ ಆರಿಸುವುದು ಒಳ್ಳೆಯದು, ಏಕೆಂದರೆ ಅವನ್ನು ಬಸ್ಸಿನ ಹೊಟ್ಟೆಯೊಳಗೆ ಹಾಕಿಸಿದರೆ ಇಳಿಯುವವರೆಗೆ ಮತ್ತೆ ಎತ್ತುವ ಪ್ರಮೇಯವಿಲ್ಲ.

ಶಾಂಘೈಯಲ್ಲಿ ಪುಡಾಂಗ್ ಮತ್ತು ಹಾಂಗ್‌ಚಾವ್ ನಡುವೆ ಮೆಟ್ರೊ 2ನೇ ಮಾರ್ಗವೊಂದೇ ನೇರ ರೈಲು ದಾರಿಯಾಗಿತ್ತು. 2024ರ ಡಿಸೆಂಬರಿನಲ್ಲಿ ನಿಲ್ದಾಣಗಳ ಸಂಪರ್ಕ ರೈಲು ಶುರುವಾದ ಮೇಲೆ ಆ ಪ್ರಯಾಣ ಸುಮಾರು 40 ನಿಮಿಷಕ್ಕೆ ಇಳಿದಿದೆ. ಪ್ಯಾರಿಸ್ಸಿನಲ್ಲೂ 2024ರ ಜೂನಿನಲ್ಲಿ ಮೆಟ್ರೊ 14ನೇ ಮಾರ್ಗ ಓರ್ಲಿವರೆಗೆ ವಿಸ್ತರಿಸಿದ್ದರಿಂದ, ಷಾರ್ಲ್ ದ ಗೋಲ್‌ನಿಂದ ಆರ್‌ಇಆರ್ ಬಿ ರೈಲಿನಲ್ಲಿ ಶಾತ್‌ಲೆಗೆ ಬಂದು ಒಂದೇ ಸಲ ರೈಲು ಬದಲಿಸಿದರೆ ಸಾಕಾಗಿದೆ. ಬ್ಯಾಂಕಾಕಿನ ಸುವರ್ಣಭೂಮಿ ಮತ್ತು ಡಾನ್ ಮುಯಾಂಗ್ ನಡುವೆ ಮುಂದಿನ ಟಿಕೆಟ್ ತೋರಿಸಿದವರಿಗೆ ಉಚಿತ ಬಸ್ಸಿದೆ. ನ್ಯೂಯಾರ್ಕಿನಲ್ಲಿ ಜೆಎಫ್‌ಕೆ ಮತ್ತು ಲಗಾರ್ಡಿಯಾ ಹತ್ತಿರ, ಆದರೆ ನೂವಾರ್ಕ್ ಇರುವುದು ಪಕ್ಕದ ನ್ಯೂಜೆರ್ಸಿ ರಾಜ್ಯದಲ್ಲಿ. ಜೆಎಫ್‌ಕೆಯಿಂದ ಅಲ್ಲಿಗೆ ರೈಲಿನಲ್ಲಿ ಹೋಗಬೇಕಾದರೆ ಏರ್‌ಟ್ರೇನ್, ಲಾಂಗ್ ಐಲೆಂಡ್ ರೈಲು, ಪೆನ್ ಸ್ಟೇಷನ್ನಿನಿಂದ ನ್ಯೂಜೆರ್ಸಿ ಟ್ರಾನ್ಸಿಟ್ ರೈಲು, ಮತ್ತೆ ಅಲ್ಲಿಯ ಏರ್‌ಟ್ರೇನ್ ಎಂದು ನಾಲ್ಕು ವಾಹನ ಹತ್ತಿ ಇಳಿಯಬೇಕು. ಇಸ್ತಾಂಬುಲಿನ ಹೊಸ ನಿಲ್ದಾಣ ಯುರೋಪಿನ ಕಡೆ, ಸಬಿಹಾ ಗೋಕ್ಚೆನ್ ಏಷ್ಯಾದ ಕಡೆ; ಬಾಸ್ಫರಸ್ ಜಲಸಂಧಿ ದಾಟದೆ ಗತಿಯಿಲ್ಲ, ಸಂಜೆಯ ಹೊತ್ತಿನಲ್ಲಿ ಸೇತುವೆಗಳ ಮೇಲಿನ ದಟ್ಟಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಸಾಮಾನ್ಯವಾಗಿ ಹೇಳುವುದಾದರೆ ಕಚೇರಿಗಳು ತೆರೆಯುವ ಮತ್ತು ಮುಚ್ಚುವ ಹೊತ್ತಿನಲ್ಲಿ ಹಳಿಯ ಮೇಲಿನ ದಾರಿಯನ್ನು, ತಡರಾತ್ರಿ ರಸ್ತೆಯನ್ನು ನಂಬಬಹುದು. ಯಾವುದನ್ನು ಆರಿಸಿದರೂ ಎರಡನೆಯ ದಾರಿಯೊಂದನ್ನು ಬರೆದಿಟ್ಟುಕೊಂಡಿರಬೇಕು.

ಎರಡನೆಯ ನಿಲ್ದಾಣದ ಯಾವ ಟರ್ಮಿನಲ್ ಎಂಬುದನ್ನೂ ಮೊದಲೇ ತಿಳಿದಿರಬೇಕು. ಗ್ಯಾಟ್ವಿಕ್‌ನ ರೈಲು ನಿಲ್ದಾಣ ಇರುವುದು ದಕ್ಷಿಣ ಟರ್ಮಿನಲ್ಲಿನಲ್ಲಿ. ನಿಮ್ಮ ವಿಮಾನ ಉತ್ತರ ಟರ್ಮಿನಲ್ಲಿನದಾದರೆ ಅಲ್ಲಿಂದ ಒಳಗಿನ ಉಚಿತ ರೈಲು ಹಿಡಿಯಬೇಕು.

ಇನ್ನು ಲಗೇಜ್. ನಿಲ್ದಾಣ ಬದಲಾಗುವ ಪ್ರಯಾಣದಲ್ಲಿ ಒಂದೇ ಟಿಕೆಟ್ ಇದ್ದರೂ ಲಗೇಜನ್ನು ಮೊದಲ ನಿಲ್ದಾಣದಲ್ಲಿ ನೀವೇ ತೆಗೆದುಕೊಂಡು ಸಾಗಿಸಬೇಕಾಗುವುದು ವಾಡಿಕೆ. ಹೊರಡುವ ಊರಿನಲ್ಲಿ ಸೂಟ್‌ಕೇಸಿನ ಹಿಡಿಗೆ ಕಟ್ಟುವ ಪಟ್ಟಿಯ ಮೇಲೆ ದಪ್ಪಗೆ ಮುದ್ರಿಸಿರುವ ಮೂರಕ್ಷರಗಳನ್ನು ಕೌಂಟರ್ ಬಿಡುವ ಮೊದಲೇ ಓದಿ. ನರಿಟಾದಲ್ಲಿ ಇಳಿಯುವವರ ಪಟ್ಟಿಯ ಮೇಲೆ ಎನ್‌ಆರ್‌ಟಿ ಎಂದಿದ್ದರೆ ಅದು ನರಿಟಾದ ಬೆಲ್ಟ್ ಮೇಲೆ ಬರುತ್ತದೆ. ಅಂತಿಮ ಊರಿನ ಸಂಕೇತ ಕಂಡರೆ, ಲಗೇಜ್ ಎಲ್ಲಿ ಸಿಗುತ್ತದೆಂದು ಅಲ್ಲಿಯೇ ಬಾಯಿಬಿಟ್ಟು ಕೇಳಿ ಖಚಿತಪಡಿಸಿಕೊಳ್ಳಿ. ಎರಡನೆಯ ಸಂಸ್ಥೆಯ ತೂಕದ ಮಿತಿ ಕಡಿಮೆಯಿರಬಹುದು, ಕೌಂಟರಿನಲ್ಲಿ ಕಟ್ಟುವ ಹೆಚ್ಚುವರಿ ಶುಲ್ಕ ಮೊದಲೇ ಆನ್‌ಲೈನ್‌ನಲ್ಲಿ ಕಟ್ಟುವುದಕ್ಕಿಂತ ಸಾಮಾನ್ಯವಾಗಿ ಜಾಸ್ತಿ. ಆದ್ದರಿಂದ ಎರಡು ಮಿತಿಗಳಲ್ಲಿ ಚಿಕ್ಕದಕ್ಕೆ ತಕ್ಕಂತೆ ತುಂಬುವುದು ಒಳ್ಳೆಯದು. ಸೂಟ್‌ಕೇಸ್ ನಡುವೆ ಕೈಗೆ ಸಿಗುವುದರಿಂದ ಒಂದು ಅನುಕೂಲವೂ ಇದೆ: ಹೊರಟ ಊರಿನ ನಿಲ್ದಾಣದ ಸುಂಕರಹಿತ ಅಂಗಡಿಯಲ್ಲಿ ಕೊಂಡ ದ್ರವಪದಾರ್ಥಗಳನ್ನು ಅದರೊಳಗೆ ಸೇರಿಸಿಬಿಟ್ಟರೆ ಎರಡನೆಯ ಭದ್ರತಾ ತಪಾಸಣೆಯಲ್ಲಿ ಅವನ್ನು ಕಳೆದುಕೊಳ್ಳಬೇಕಿಲ್ಲ. ಪವರ್ ಬ್ಯಾಂಕ್ ಮಾತ್ರ ಯಾವಾಗಲೂ ಕೈಚೀಲದಲ್ಲೇ ಇರಬೇಕು. ಕೈಚೀಲವೊಂದರಲ್ಲೇ ಪ್ರಯಾಣ ಮುಗಿಸಬಲ್ಲವರಿಗೆ ಬೆಲ್ಟ್ ಬಳಿಯ ಕಾಯುವಿಕೆಯೂ ಲಗೇಜ್ ಕೌಂಟರಿನ ಸಾಲೂ ತಪ್ಪಿ ಒಂದು ಗಂಟೆಗೂ ಹೆಚ್ಚು ಉಳಿಯಬಹುದು.

ಎರಡನೆಯ ವಿಮಾನದ ಆನ್‌ಲೈನ್ ಚೆಕ್-ಇನ್ ಅನ್ನು ಮೊದಲ ವಿಮಾನ ಹತ್ತುವ ಮೊದಲೇ ಮುಗಿಸಿ, ಬೋರ್ಡಿಂಗ್ ಪಾಸನ್ನು ಇಂಟರ್ನೆಟ್ ಇಲ್ಲದೆಯೂ ತೆರೆಯುವಂತೆ ಫೋನಿನಲ್ಲಿ ಉಳಿಸಿಕೊಳ್ಳಬೇಕು. ಮಧ್ಯರಾತ್ರಿಯ ಆಸುಪಾಸಿನ ವಿಮಾನಗಳಲ್ಲಿ ದಿನಾಂಕವನ್ನು ಎರಡು ಸಲ ನೋಡಬೇಕು: 12ನೇ ತಾರೀಕು 00:05ಕ್ಕೆ ಹೊರಡುವ ವಿಮಾನಕ್ಕೆ 11ರ ಸಂಜೆಯೇ ನಿಲ್ದಾಣದಲ್ಲಿರಬೇಕು. ನಡುವೆ ಒಂದು ರಾತ್ರಿ ತಂಗುವ ಯೋಜನೆಯಿದ್ದರೆ ಕೊಠಡಿಯನ್ನು ಎರಡನೆಯ ನಿಲ್ದಾಣದ ಬಳಿ ಹಿಡಿಯಬೇಕು. ಆಯಾಸವಾಗಿದೆಯೆಂದು ಇಳಿದ ಕಡೆಯೇ ಮಲಗಿದರೆ ನಗರ ದಾಟುವ ಆತಂಕ ಮರುದಿನ ಬೆಳಿಗ್ಗೆಗೆ ಉಳಿಯುತ್ತದೆ.

ವಿಮಾನ ಸಂಸ್ಥೆಯೇ ಇಳಿಯುವ ನಿಲ್ದಾಣವನ್ನು ಬದಲಿಸುವುದೂ ಉಂಟು. ಐರೋಪ್ಯ ಒಕ್ಕೂಟದ 2004ರ 261ನೇ ನಿಯಮಾವಳಿಯ ವ್ಯಾಪ್ತಿಗೆ ಬರುವ ವಿಮಾನ ರದ್ದಾಗಿ, ಬದಲಿಗೆ ಅದೇ ನಗರದ ಬೇರೆ ನಿಲ್ದಾಣಕ್ಕೆ ಕರೆದೊಯ್ದರೆ, ಅಲ್ಲಿಂದ ಮೂಲ ನಿಲ್ದಾಣಕ್ಕೆ ತಲುಪಿಸುವ ವೆಚ್ಚವನ್ನು ಸಂಸ್ಥೆಯೇ ಭರಿಸಬೇಕು. ಟ್ಯಾಕ್ಸಿ ಅಥವಾ ಬಸ್ಸಿನ ರಸೀದಿಯನ್ನು ಜೋಪಾನವಾಗಿಡಿ.

ವಿಮಾನ ತಪ್ಪುವುದು ಖಚಿತವೆಂದು ದಾರಿಯಲ್ಲೇ ಅನ್ನಿಸಿದರೆ ನಿಲ್ದಾಣ ತಲುಪುವವರೆಗೆ ಕಾಯದೆ, ವಿಮಾನ ಹೊರಡುವ ಮೊದಲೇ ಸಂಸ್ಥೆಗೆ ಫೋನ್ ಮಾಡಬೇಕು ಅಥವಾ ಅದರ ಆ್ಯಪ್‌ನಲ್ಲಿ ಬದಲಾವಣೆಗೆ ಕೋರಬೇಕು. ಹೇಳದೆ ಕೇಳದೆ ಗೈರುಹಾಜರಾದರೆ ಆ ಟಿಕೆಟಿನಲ್ಲಿ ಉಳಿದಿರುವ ಮುಂದಿನ ಹಾರಾಟಗಳು, ಮರುಪ್ರಯಾಣವೂ ಸೇರಿದಂತೆ, ತಾವಾಗಿಯೇ ರದ್ದಾಗುವುದು ಸಾಮಾನ್ಯ ನಿಯಮ. ಒಂದೇ ಟಿಕೆಟ್ ಆಗಿದ್ದರೆ ಮೊದಲ ವಿಮಾನ ಎಷ್ಟು ಹೊತ್ತಿಗೆ ಇಳಿಯಿತೆಂಬುದನ್ನು ತಿಳಿಸಿ ಮುಂದಿನ ವಿಮಾನದಲ್ಲಿ ಜಾಗ ಕೇಳಿ. ಬಿಡಿ ಟಿಕೆಟ್ ಆಗಿದ್ದರೆ ಬದಲಾವಣೆ ಶುಲ್ಕ ಎಷ್ಟೆಂದು ವಿಚಾರಿಸಿ, ಮತ್ತು ವಿಮೆಯ ಕೋರಿಕೆಗಾಗಿ ಮೊದಲ ಸಂಸ್ಥೆಯಿಂದ ವಿಳಂಬದ ಲಿಖಿತ ದೃಢೀಕರಣವನ್ನು ಅಂದೇ ಪಡೆದುಕೊಳ್ಳಿ.